ಲೈಕ್ ಬಂದ ಫೋಟೋದಲ್ಲಿ ನಮ್ಮ ಕಡಲೆ ಹೊಲ

ಊರು ಮಾಗಡಿ ಅಂದ ಕೂಡಲೇ ಬೆಂಗಳೂರಿನಲ್ಲಿ ಕೇಳುವ ಮೊದಲ ಪ್ರಶ್ನೆ: "ಮಾಗಡಿ ರೋಡಾ?" ಎರಡನೇ ಪ್ರಶ್ನೆ: "ಓ, ಕೆಂಪೇಗೌಡರ ಮಾಗಡೀನಾ?"

ಎರಡೂ ಅಲ್ಲ. ನಮ್ಮದು ಗದಗ ಜಿಲ್ಲೆ, ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಗದಗದಿಂದ ಸುಮಾರು 26 ಕಿಲೋಮೀಟರ್. ಒಂದು ಕಡೆ ಶಿರಹಟ್ಟಿ, ಇನ್ನೊಂದು ಕಡೆ ಲಕ್ಷ್ಮೇಶ್ವರ. ಇಷ್ಟು ಹೇಳಿದ ಮೇಲೂ ಎದುರಿನವರ ಮುಖದಲ್ಲಿ ಊರು ಮೂಡುವುದಿಲ್ಲ. ಆಫೀಸಿನಲ್ಲಿ ಆರು ವರ್ಷ ನಾನು ಹೀಗೆ ನಕಾಶೆ ಹೇಳಿಕೊಂಡೇ ಕಳೆದೆ.

2024ರ ಜನವರಿ ಕೊನೆಗೆ ಆ ತಾಪತ್ರಯ ತಪ್ಪಿತು. ದೇಶದ ಐದು ಹೊಸ ಜೌಗು ಪ್ರದೇಶಗಳಿಗೆ ರಾಮ್ಸಾರ್ ಮಾನ್ಯತೆ ಸಿಕ್ಕಿದೆ ಅಂತ ಕೇಂದ್ರ ಸರ್ಕಾರ ಪ್ರಕಟಿಸಿತು. ಅದರಲ್ಲಿ ಮೂರು ನಮ್ಮ ರಾಜ್ಯದ್ದು: ವಿಜಯನಗರ ಜಿಲ್ಲೆಯ ಅಂಕಸಮುದ್ರ, ಉತ್ತರ ಕನ್ನಡದ ಅಘನಾಶಿನಿ, ಮತ್ತೆ ನಮ್ಮ ಮಾಗಡಿ ಕೆರೆ. ಅಲ್ಲಿಯ ತನಕ ಕರ್ನಾಟಕದಲ್ಲಿ ಆ ಪಟ್ಟ ಇದ್ದದ್ದು ರಂಗನತಿಟ್ಟಿಗೆ ಮಾತ್ರ, ಅದೂ 2022ರಿಂದ. ಆವತ್ತು ಮಧ್ಯಾಹ್ನ ಊಟದ ಟೇಬಲ್ಲಿನಲ್ಲಿ ನಾನು ಸುದ್ದಿಯ ಸ್ಕ್ರೀನ್‌ಶಾಟ್ ಎಲ್ಲರಿಗೂ ತೋರಿಸಿದೆ. "ನೋಡಿ, ಇದು ನಮ್ಮೂರ ಕೆರೆ. ಚಿಕ್ಕವಳಿದ್ದಾಗ ದನಕ್ಕೆ ನೀರು ಕುಡಿಸೋಕೆ ಹೋಗ್ತಿದ್ದೆ" ಅಂದೆ. ಅಷ್ಟು ಖುಷಿ.

ಆ ಖುಷಿಗೆ ಒಂದು ಬಿಲ್ ಇದೆ, ಅದನ್ನು ನಮ್ಮಪ್ಪ ಕಟ್ಟುತ್ತಿದ್ದಾರೆ ಅನ್ನೋದು ನನಗೆ ಗೊತ್ತಾಗಿದ್ದು ಆಮೇಲೆ.

ಹಿಮಾಲಯ ದಾಟಿ ಬರುವ ಬೀಗರು

ಕೆರೆ ದೊಡ್ಡದೇನಲ್ಲ. 134 ಎಕರೆ, ಅಂದರೆ ಸುಮಾರು 54 ಹೆಕ್ಟೇರ್. ಮಳೆನೀರು ಹಿಡಿದು ಹೊಲಕ್ಕೆ ಹಾಯಿಸಲಿ ಅಂತ ಜನರೇ ಕಟ್ಟಿದ ಕೆರೆ. ಆದರೆ ಇಲ್ಲಿ ಕಂಡ ಹಕ್ಕಿಗಳ ಪಟ್ಟಿ ಉದ್ದ ಇದೆ. 166ಕ್ಕೂ ಹೆಚ್ಚು ಜಾತಿ ದಾಖಲಾಗಿವೆ, ಅವುಗಳಲ್ಲಿ 130 ವಲಸೆ ಬರುವಂಥವು.

ಅವುಗಳ ಪೈಕಿ ನಮ್ಮೂರಿಗೆ ಹೆಸರು ತಂದಿದ್ದು ಪಟ್ಟೆತಲೆ ಹೆಬ್ಬಾತು. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಗೆರೆ. ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಚಳಿ ಶುರುವಾದಾಗ ಹಿಮಾಲಯ ದಾಟಿ ಈ ಕಡೆ ಬರುತ್ತವೆ. ಬೆನ್ನಿಗೆ ಯಂತ್ರ ಕಟ್ಟಿ ಲೆಕ್ಕ ಹಾಕಿದ ವಿಜ್ಞಾನಿಗಳು ಏಳು ಸಾವಿರ ಮೀಟರಿಗೂ ಎತ್ತರದಲ್ಲಿ ಇವು ಹಾರಿದ್ದನ್ನು ದಾಖಲಿಸಿದ್ದಾರೆ. ನಮಗೆ ಅಲ್ಲಿ ನಾಲ್ಕು ಹೆಜ್ಜೆ ಇಡೋಕೂ ಉಸಿರು ಸಾಲದು. ಈ ಹಕ್ಕಿಯ ರಕ್ತ ಮಾತ್ರ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ಚಳಿಗಾಲದಲ್ಲಿ ಸುಮಾರು ಎಂಟು ಸಾವಿರ ಹೆಬ್ಬಾತುಗಳು ಮಾಗಡಿಯಲ್ಲಿ ಬಿಡಾರ ಹೂಡುತ್ತವೆ ಅನ್ನೋದು ಸರ್ಕಾರವೇ ಕೊಟ್ಟ ಲೆಕ್ಕ. ದಕ್ಷಿಣ ಭಾರತದಲ್ಲಿ ಇವುಗಳ ಅತಿ ದೊಡ್ಡ ಚಳಿಗಾಲದ ತಾಣಗಳಲ್ಲಿ ಇದೂ ಒಂದು. ನವೆಂಬರ್ ಹೊತ್ತಿಗೆ ಬಂದು, ಬಿಸಿಲೇರುವ ಮಾರ್ಚ್ ಹೊತ್ತಿಗೆ ಹೊರಡುತ್ತವೆ.

ಇಲ್ಲೊಂದು ವಿಷಯ ಫೋಟೋ ನೋಡುವವರಿಗೆ ಗೊತ್ತಿರೋದಿಲ್ಲ. ಹೆಬ್ಬಾತು ಕೆರೆಯಲ್ಲಿ ಇರುತ್ತದೆ, ಆದರೆ ಊಟ ಕೆರೆಯಲ್ಲಿ ಅಲ್ಲ. ಅದಕ್ಕೆ ಮೀನು ಬೇಡ. ಎಳೆ ಚಿಗುರು ಬೇಕು, ಕಾಳು ಬೇಕು. ಹಗಲೆಲ್ಲ ನೀರಿನ ಅಂಚಿನಲ್ಲಿ ನಿದ್ದೆ. ಸಂಜೆ ಕತ್ತಲಾಗುವಾಗ ಸಾಲು ಕಟ್ಟಿ ಹೊರಟವು ಅಂದರೆ ಸುತ್ತಲ ಹೊಲಗಳೇ ಅಡುಗೆಮನೆ. ಗೋಧಿ, ಕಡಲೆ, ಶೇಂಗಾ, ಆ ವರ್ಷ ಏನು ಬಿತ್ತಿದ್ದಾರೋ ಅದು. ಬೆಳಗಾಗುವಷ್ಟರಲ್ಲಿ ವಾಪಸ್ ಕೆರೆಗೆ.

ನಮ್ಮ ಎರಡೂವರೆ ಎಕರೆ ಎರಿ ಹೊಲ ಇರೋದು ಆ ದಾರಿಯಲ್ಲೇ.

"ಇದು ನಮ್ಮ ಹೊಲ ಅಲ್ಲೇನ?"

2024ರ ಡಿಸೆಂಬರ್. ಶುಕ್ರವಾರ ರಾತ್ರಿ ಬಸ್ ಹತ್ತಿ ಶನಿವಾರ ಬೆಳಕು ಹರಿಯೋ ಮುಂಚೆ ಲಕ್ಷ್ಮೇಶ್ವರದಲ್ಲಿ ಇಳಿದೆ. ತಮ್ಮ ಬೈಕ್ ತಂದಿದ್ದ. ಕೆರೆ ಹತ್ತಿರ ಬಂದಾಗ ಆಗಷ್ಟೇ ಕೆಂಪಾಗುತ್ತಿತ್ತು. ಮಂಜು, ಹಸಿರು ಹೊಲ, ಅದರ ನಡುವೆ ನೂರಾರು ಹೆಬ್ಬಾತು. ಗಾಡಿ ನಿಲ್ಲಿಸಿ ಬದುವಿನ ಮೇಲೆ ನಿಂತು ಫೋಟೋ ತೆಗೆದೆ. ಮುಂದಿನ ಕ್ಷಣ ಎಲ್ಲವೂ ಒಟ್ಟಿಗೆ ಎದ್ದವು. ಆ ರೆಕ್ಕೆ ಸದ್ದು ಕೇಳಿದವರಿಗೇ ಗೊತ್ತು.

ಮನೆಗೆ ಹೋಗಿ ಚಹಾ ಕುಡಿಯುತ್ತಾ ಇನ್‌ಸ್ಟಾಗ್ರಾಮಿಗೆ ಹಾಕಿದೆ. "ನಮ್ಮೂರಿನ ಹೆಮ್ಮೆ" ಅಂತ ಬರೆದೆ. ಮಧ್ಯಾಹ್ನದ ಹೊತ್ತಿಗೆ ನನ್ನ ಯಾವ ಫೋಟೋಗೂ ಬರದಷ್ಟು ಲೈಕ್. ಮ್ಯಾನೇಜರ್ ಕೂಡ ಹೃದಯ ಒತ್ತಿದ್ದರು.

ರೊಟ್ಟಿ ಊಟಕ್ಕೆ ಕೂತಾಗ ಫೋನ್ ಅಪ್ಪನ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ, ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿ, ಹಕ್ಕಿ ಬಿಟ್ಟು ಅದರ ಹಿಂದಿನ ಬೇವಿನ ಮರ ನೋಡಿದರು.

"ತಂಗಿ, ಇದು ನಮ್ಮ ಹೊಲ ಅಲ್ಲೇನ?"

ಹೌದು, ನಮ್ಮದೇ. ಅವರು ನವೆಂಬರ್ ಶುರುವಿಗೆ ಬಿತ್ತಿದ್ದ ಕಡಲೆ. ಗೇಣುದ್ದ ಬಂದಿತ್ತು. ಹುಟ್ಟಿ ಬೆಳೆದ ಹೊಲದ ಗುರುತು ನನಗೆ ಸಿಗಲಿಲ್ಲ. ನಾನು ನೋಡಿದ್ದು ಹಕ್ಕಿ ಮಾತ್ರ.

ಅಪ್ಪ ಬೈಯಲಿಲ್ಲ. ಫೋನ್ ವಾಪಸ್ ಕೊಟ್ಟು, "ಚೆಂದ ಬಂದೈತಿ" ಅಂದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಸಂಜೆ ಹೊಲಕ್ಕೆ ಹೋಗಿ ನೋಡಿದೆ. ಸುಮಾರು ಮುಕ್ಕಾಲು ಎಕರೆಯಲ್ಲಿ ಗಿಡ ಕತ್ತರಿಯಿಂದ ಕತ್ತರಿಸಿದ ಹಾಗೆ. ಉಳಿದದ್ದು ತುಳಿತಕ್ಕೆ ಸಿಕ್ಕಿತ್ತು. ಆ ತುಂಡಿನಲ್ಲಿ ಕಡಿಮೆ ಅಂದರೂ ಮೂರು ಕ್ವಿಂಟಾಲ್ ಬರುತ್ತಿತ್ತು ಅಂತ ಅಪ್ಪನ ಅಂದಾಜು. ಆ ಹಂಗಾಮಿಗೆ ಕಡಲೆಯ ಬೆಂಬಲ ಬೆಲೆ ಕ್ವಿಂಟಾಲಿಗೆ 5,650 ರೂಪಾಯಿ. ಲೆಕ್ಕ ಹಾಕಿ, ಹತ್ತಿರ ಹತ್ತಿರ 17 ಸಾವಿರ. ನನಗದು ಒಂದೂವರೆ ತಿಂಗಳ ಪಿ.ಜಿ. ಬಾಡಿಗೆ. ಅಪ್ಪನಿಗೆ ಮುಂದಿನ ಮುಂಗಾರಿನ ಬೀಜ, ಗೊಬ್ಬರ, ಕೂಲಿ.

ಒಂದೇ ಮನೆಯಲ್ಲಿ ಮೂರು ಪಕ್ಷ

ಆ ರಾತ್ರಿ ನಮ್ಮ ಪಡಸಾಲೆಯಲ್ಲಿ ನಡೆದ ಮಾತುಕತೆಯೇ ಊರ ಕಟ್ಟೆಯಲ್ಲೂ, ಚಹಾದಂಗಡಿಯಲ್ಲೂ ನಡೆಯುವಂಥದ್ದು.

ಕಾಕಾನದು ನೇರ ಮಾತು. "ಕೆರಿ ಕಟ್ಟಿದ್ದು ಹೊಲಕ್ಕ, ಹಕ್ಕಿಗಲ್ಲ. ಹೂಳು ತುಂಬಿ ಕೆರಿ ತಟ್ಟಿ ಆಗೈತಿ. ಆಳಕ್ಕ ತಗದ್ರ ನಾಲ್ಕ ಬೋರಿಗೆ ನೀರು ಬರ್ತಾವ. ಹಕ್ಕಿಗೆ ನಾಲ್ಕ ಪಟಾಕಿ ಹಚ್ಚಿದ್ರ ತಾವಾಗೇ ಬ್ಯಾರೆ ಕೆರಿ ಹುಡುಕ್ಕೊಂತಾವ."

ತಮ್ಮ ಡಿಗ್ರಿ ಮುಗಿಸಿ ಊರಲ್ಲೇ ಇದ್ದಾನೆ. ಅವನಿಗೆ ಪ್ರವಾಸೋದ್ಯಮ ಬೇಕು. ಭಾನುವಾರ ಗದಗ, ಹುಬ್ಬಳ್ಳಿ ಕಡೆಯಿಂದ ಕಾರು ಬರುತ್ತವೆ. ರಸ್ತೆ ಆಗಲಿ, ಹೋಟೆಲ್ ಆಗಲಿ, ದೋಣಿ ಬಿಡಲಿ, ಹುಡುಗರಿಗೆ ಕೆಲಸ ಸಿಗಲಿ ಅನ್ನೋದು ಅವನ ವಾದ.

ಅಪ್ಪ ಕೊನೆಗೆ ಮಾತಾಡಿದರು. "ನಮ್ಮಪ್ಪನ ಕಾಲದಾಗೂ ಬರ್ತಿದ್ವು. ಮನಿಗೆ ಬಂದ ಬೀಗರಿಗೆ ಪಟಾಕಿ ಹಚ್ಚತಾರೇನ? ಬರ್ಲಿ, ತಿನ್ಲಿ. ಆದ್ರ ಬೀಗರು ಊರಿಗೇ ಬಂದಾವ ಅಂದ ಮ್ಯಾಲೆ, ಊಟದ ಖರ್ಚು ನಾಲ್ಕ ಮನಿಯವರೇ ಯಾಕ ಹಾಕಬೇಕು?"

ನನಗೆ ಅಲ್ಲಿಯ ತನಕ ಇದು ಹಕ್ಕಿ ಬೇಕು ಅನ್ನುವವರಿಗೂ ಬೇಡ ಅನ್ನುವವರಿಗೂ ನಡುವಿನ ಜಗಳ ಅನ್ನಿಸಿತ್ತು. ಅಪ್ಪನ ಪ್ರಶ್ನೆ ಬೇರೆಯೇ ಇತ್ತು. ಹೆಮ್ಮೆ ಇಡೀ ರಾಜ್ಯದ್ದು, ನಷ್ಟ ಮಾತ್ರ ಕೆರೆ ಪಕ್ಕದ ಹೊಲದವರದ್ದು. ಇದು ಯಾವ ಲೆಕ್ಕ?

ಪುರಾವೆ ಎಲ್ಲಿದೆ?

ಸೋಮವಾರ ರಜೆ ಹಾಕಿ ಅಪ್ಪನ ಜೊತೆ ಒಂದು ಕಚೇರಿಗೆ ಹೋದೆ. ಯಾವುದು ಅನ್ನೋದು ಇಲ್ಲಿ ಮುಖ್ಯ ಅಲ್ಲ, ಮಾತಾಡಿದವರು ಒರಟರೂ ಆಗಿರಲಿಲ್ಲ. ಅವರು ಕೇಳಿದ್ದು ಒಂದೇ. "ಹಕ್ಕೀನೇ ತಿಂದಿದ್ದು ಅನ್ನೋಕೆ ಪುರಾವೆ ಏನಿದೆ?"

ಯೋಚಿಸಿ. ಕಾಡುಹಂದಿ ನುಗ್ಗಿದರೆ ನೆಲ ಅಗೆದಿರುತ್ತದೆ. ಆನೆ ಬಂದರೆ ಹೆಜ್ಜೆ ಇರುತ್ತದೆ. ಎರಡು ಕಿಲೋ ತೂಕದ ಹಕ್ಕಿ ಕತ್ತಲಲ್ಲಿ ಬಂದು ಬೆಳಕಿಗೆ ಹೋದರೆ? ಅಧಿಕಾರಿ ಹೊಲಕ್ಕೆ ಬರುವ ಹೊತ್ತಿಗೆ ಅವು ಕೆರೆಯಲ್ಲಿ ಸಾಧುಗಳ ಹಾಗೆ ಕಣ್ಣು ಮುಚ್ಚಿ ಕೂತಿರುತ್ತವೆ.

ಆಗ ನನಗೆ ಫೋನ್ ನೆನಪಾಯಿತು. ಇನ್‌ಸ್ಟಾಗ್ರಾಮಿನ ಫೋಟೋ ಅಲ್ಲ, ಗ್ಯಾಲರಿಯಲ್ಲಿದ್ದ ಮೂಲ ಫೋಟೋ. ಅದರಲ್ಲಿ ದಿನಾಂಕ, ಸಮಯ, ಜಾಗದ ಗುರುತು ಎಲ್ಲ ಇತ್ತು. ಹಕ್ಕಿ ಇತ್ತು, ಕಡಲೆ ಇತ್ತು, ನಮ್ಮ ಬೇವಿನ ಮರ ಇತ್ತು. ಅದನ್ನೇ ಪ್ರಿಂಟ್ ಹಾಕಿಸಿ, ಪಹಣಿ ಜೊತೆ ಲಗತ್ತಿಸಿ ಅರ್ಜಿ ಕೊಟ್ಟೆವು. ಸ್ವೀಕೃತಿ ಚೀಟಿ ಸಿಕ್ಕಿದೆ. ಹಣ ಇನ್ನೂ ಬಂದಿಲ್ಲ.

ಹೆಮ್ಮೆಯ ಫೋಟೋ ದೂರಿನ ಫೋಟೋ ಆಯಿತು.

ಕಾಗದದ ಮೇಲೆ ಏನಿದೆ?

ಬೆಂಗಳೂರಿಗೆ ವಾಪಸ್ ಬಂದ ಮೇಲೆ ರಾತ್ರಿ ಕೂತು ಕಾನೂನು ಓದಿದೆ. ಓದಿದ ಮೇಲೆ ಕಾಕಾನಿಗೂ ತಮ್ಮನಿಗೂ ಫೋನ್ ಮಾಡಿ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಿಮ್ಮೂರಲ್ಲೂ ಕೆರೆ, ಗುಡ್ಡ ಇದ್ದರೆ ಉಪಯೋಗಕ್ಕೆ ಬರಬಹುದು.

ಮೊದಲನೆಯದು, ರಾಮ್ಸಾರ್ ಅಂದರೆ ಬೇಲಿ ಅಲ್ಲ. 1971ರ ಫೆಬ್ರುವರಿ 2ರಂದು ಇರಾನಿನ ರಾಮ್ಸಾರ್ ಅನ್ನುವ ಊರಲ್ಲಿ ಆದ ಒಪ್ಪಂದ ಅದು. ಭಾರತ 1982ರಲ್ಲಿ ಸೇರಿತು. ಆ ಒಪ್ಪಂದದ ಮುಖ್ಯ ಮಾತೇ "ವಿವೇಕದ ಬಳಕೆ". ಬಳಸಬೇಡಿ ಅಂತಲ್ಲ, ಕೆಡಿಸದ ಹಾಗೆ ಬಳಸಿ ಅಂತ. ಆದರೆ ತಮ್ಮನ ಹೋಟೆಲ್ ಕನಸಿಗೆ ಒಂದು ಗೆರೆ ಇದೆ. 2017ರ ಜೌಗು ಪ್ರದೇಶ ನಿಯಮಗಳ ಪ್ರಕಾರ, ಕಳೆದ ಹತ್ತು ವರ್ಷಗಳಲ್ಲಿ ನೀರು ತುಂಬಿ ನಿಂತ ಸರಾಸರಿ ಅಂಚಿನಿಂದ 50 ಮೀಟರ್ ಒಳಗೆ ದೋಣಿಕಟ್ಟೆ ಬಿಟ್ಟು ಶಾಶ್ವತ ಕಟ್ಟಡ ಏಳುವಂತಿಲ್ಲ. ಒತ್ತುವರಿ, ಕಸ ಸುರಿಯೋದು, ಕೊಳಚೆ ಬಿಡೋದು ಕೂಡ ನಿಷಿದ್ಧ.

ಎರಡನೆಯದು, ಮಾಗಡಿ ಕೆರೆ ಒಂದು ಸಂರಕ್ಷಣಾ ಮೀಸಲು ಪ್ರದೇಶ. ಅಭಯಾರಣ್ಯ ಬೇರೆ, ಇದು ಬೇರೆ. 1972ರ ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಮಾಡಿದಾಗ ಸೇರಿಸಿದ ವ್ಯವಸ್ಥೆ. ಸ್ಥಳೀಯ ಜನರನ್ನು ಕೇಳಿಯೇ ಘೋಷಿಸಬೇಕು ಅಂತ ಅದರಲ್ಲಿದೆ. ಅಷ್ಟೇ ಅಲ್ಲ, ಅದನ್ನು ನೋಡಿಕೊಳ್ಳೋಕೆ ಸಲಹೆ ಕೊಡುವ ಒಂದು ಸಮಿತಿ ಇರಬೇಕು. ಅದರಲ್ಲಿ ಅರಣ್ಯ ಇಲಾಖೆಯವರು, ವನ್ಯಜೀವಿ ಸಂಸ್ಥೆಗಳ ಮೂವರು, ಕೃಷಿ ಇಲಾಖೆಯ ಒಬ್ಬರು, ಪಶುಸಂಗೋಪನೆಯ ಒಬ್ಬರು. ಜೊತೆಗೆ ಆ ವ್ಯಾಪ್ತಿಯ ಗ್ರಾಮ ಪಂಚಾಯಿತಿಯಿಂದ ಒಬ್ಬ ಪ್ರತಿನಿಧಿ.

ಪಂಚಾಯಿತಿಗೆ ಕುರ್ಚಿ ಇದೆ. ಕೃಷಿ ಇಲಾಖೆಗೂ ಇದೆ. ಕಡಲೆ ಬೆಳೆಯುವವನಿಗೆ ನೇರ ಕುರ್ಚಿ ಇಲ್ಲ, ಆದರೆ ಅವನ ಮಾತು ಅಲ್ಲಿಗೆ ಮುಟ್ಟಿಸುವ ಎರಡು ಬಾಗಿಲು ಕಾನೂನಿನಲ್ಲೇ ಇವೆ. ನಾವು ಆ ಬಾಗಿಲು ಬಡಿದಿದ್ದೇವಾ? ನಮ್ಮ ಮನೆಯಲ್ಲಿ ಯಾರಿಗೂ ಇಂಥ ಸಮಿತಿ ಅಂತ ಒಂದಿರಬೇಕು ಅನ್ನೋದೇ ಗೊತ್ತಿರಲಿಲ್ಲ. ನನಗೂ.

ಬೇರೆಯವರು ಏನು ಮಾಡಿದ್ದಾರೆ?

ಹಕ್ಕಿ ಸಾಕಿದ್ದಕ್ಕೆ ದುಡ್ಡು ಕೇಳೋದು ದುರಾಸೆ ಅಂತ ಆಫೀಸಿನ ಗೆಳತಿಯೊಬ್ಬಳು ಅಂದಳು. ಅವಳಿಗೆ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಕಥೆ ಹೇಳಿದೆ. ಅಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಊರವರು ಅವುಗಳನ್ನು ಬಾಣಂತನಕ್ಕೆ ತವರಿಗೆ ಬಂದ ಮಗಳು ಅನ್ನುತ್ತಾರೆ. ಆದರೆ ಗೂಡು ಕಟ್ಟಿದ ಹುಣಸೆ ಮರದಲ್ಲಿ ಫಸಲು ಸಿಗೋದಿಲ್ಲ. ಅದಕ್ಕಾಗಿ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಇದೆ. ಅಂದರೆ ಹಕ್ಕಿಯ ಆತಿಥ್ಯಕ್ಕೆ ಖಜಾನೆಯಿಂದ ಪಾಲು ಕೊಡೋದು ನಮ್ಮ ರಾಜ್ಯಕ್ಕೆ ಹೊಸದಲ್ಲ. ಹುಣಸೆ ಮರಕ್ಕೆ ಆಗಿದ್ದು ಕಡಲೆ ಹೊಲಕ್ಕೆ ಯಾಕಾಗಬಾರದು?

ದೂರದ ಸ್ಕಾಟ್ಲೆಂಡಿನಲ್ಲಿ ಐಲಾ ಅನ್ನುವ ದ್ವೀಪ ಇದೆ. ಗ್ರೀನ್‌ಲ್ಯಾಂಡಿನಿಂದ ಸಾವಿರಾರು ಬಾತುಗಳು ಚಳಿಗಾಲಕ್ಕೆ ಅಲ್ಲಿಗೆ ಬಂದು ದನಗಳಿಗೆ ಬೆಳೆಸಿದ ಹುಲ್ಲು ಮೇಯುತ್ತವೆ. ಅಲ್ಲಿಯ ರೈತರಿಗೆ ಸರ್ಕಾರ ವರ್ಷಗಳಿಂದ ಹಣ ಕೊಡುತ್ತಿದೆ. ಅಲ್ಲೂ ಜಗಳ ಮುಗಿದಿಲ್ಲ, ಸಂಖ್ಯೆ ಹೆಚ್ಚಾಯಿತು ಅಂತ ಒಂದಷ್ಟು ಹಕ್ಕಿಗಳನ್ನು ಗುಂಡಿಟ್ಟು ಕೊಲ್ಲುವ ತನಕ ಹೋಗಿದೆ. ಶ್ರೀಮಂತ ದೇಶದಲ್ಲೂ ಇದು ಕಷ್ಟದ ಲೆಕ್ಕವೇ.

ನಮ್ಮ ಜಿಲ್ಲೆಗೆ ಸರ್ಕಾರದ ಜೊತೆ ವಾದ ಮಾಡಿ ಅಭ್ಯಾಸ ಇದೆ. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ರೈತರು ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡೋದಿಲ್ಲ ಅಂದರು, ಸರ್ಕಾರ ಕೈಬಿಟ್ಟಿತು. ಕಪ್ಪತಗುಡ್ಡಕ್ಕೆ 2015ರಲ್ಲಿ ಕೊಟ್ಟ ಸಂರಕ್ಷಣಾ ಮೀಸಲು ಪಟ್ಟವನ್ನು 2016ರಲ್ಲಿ ಕಿತ್ತುಕೊಂಡಾಗ, ಗದಗದ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು, ಜನ ಹಿಂದೆ ನಿಂತರು. 2017ರಲ್ಲಿ ಪಟ್ಟ ವಾಪಸ್ ಬಂತು, 2019ರಲ್ಲಿ ವನ್ಯಜೀವಿ ಧಾಮವೇ ಆಯಿತು. ಒಂದು ಕಡೆ ಬೇಡ ಅಂದು ಗೆದ್ದವರು, ಇನ್ನೊಂದು ಕಡೆ ಬೇಕು ಅಂದು ಗೆದ್ದವರು. ಮಾಗಡಿಯವರು ಹೇಳಬೇಕಾಗಿರೋದು ಮೂರನೇ ಮಾತು: ಬೇಕು, ಆದರೆ ಹೀಗೆ.

"ಹೀಗೆ" ಅಂದರೆ ಹೇಗೆ?

ಕಾಕಾ ಹೇಳಿದ ಹೂಳಿನ ಮಾತು ಸುಳ್ಳಲ್ಲ. ಆದರೆ ಇಡೀ ಕೆರೆಯನ್ನು ಬಾವಿಯ ಹಾಗೆ ತೋಡಿದರೆ ತೆಳುನೀರಿನ ಅಂಚೇ ಇರೋದಿಲ್ಲ. ಹೆಬ್ಬಾತು ನಿಲ್ಲೋದು, ಉದ್ದಕಾಲಿನ ಹಕ್ಕಿಗಳು ಹುಳ ಹೆಕ್ಕೋದು ಆ ಅಂಚಿನಲ್ಲೇ. ನಡುವೆ ಆಳ ಮಾಡಿ, ಅಂಚು ಹಾಗೇ ಬಿಡಬಹುದು. ಹಕ್ಕಿ ಹೋದ ಮೇಲೆ, ಏಪ್ರಿಲ್–ಮೇ ತಿಂಗಳಲ್ಲಿ ಮಾಡಬಹುದು. ಆ ಗೋಡುಮಣ್ಣು ಮೊದಲು ಹಕ್ಕಿ ಮೇಯುವ ಹೊಲಗಳಿಗೇ ಹೋಗಲಿ. ಇದನ್ನು ಫೋನಿನಲ್ಲಿ ಹೇಳಿದಾಗ ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಟ್ರ್ಯಾಕ್ಟರ್ ಬಾಡಿಗಿ ಯಾರು ಕೊಡ್ತಾರ?" ಅಂದರು. ಪಟಾಕಿಯಿಂದ ಬಾಡಿಗೆಗೆ ಬಂದಿದ್ದೇ ದೊಡ್ಡ ಪ್ರಗತಿ.

ತಮ್ಮನ ಕೆಲಸದ ಆಸೆಯೂ ತಪ್ಪಲ್ಲ. ಬರುವ ಕಾರಿಗೆ ನಿಲ್ಲುವ ಜಾಗ ಕೆರೆಯಿಂದ ದೂರ ಇರಲಿ. ಅದರ ಶುಲ್ಕದಲ್ಲಿ ಒಂದು ಪಾಲು ಬೆಳೆ ಹೋದವರಿಗೆ ಅಂತ ಮೀಸಲಿರಲಿ. ದುರ್ಬೀನು ಹಿಡಿದು ತೋರಿಸುವವರು ಊರ ಹುಡುಗರೇ ಆಗಲಿ. ಹಾರ್ನ್, ಡ್ರೋನ್, ಚಿಪ್ಸ್ ಪೊಟ್ಟಣ ಬೇಡ ಅಂತ ಹೇಳುವವರೂ ಅವರೇ ಆಗಲಿ.

ಇನ್ನು ಪುರಾವೆಯ ಮಾತು. ಪ್ರತಿ ಚಳಿಗಾಲ ನವೆಂಬರಿನಿಂದ ಮಾರ್ಚ್ ತನಕ, ಬೆಳಗಿನ ಜಾವ ಹೊಲದಲ್ಲಿ ಕಂಡ ಹಕ್ಕಿಯ ಫೋಟೋ ರೈತರೇ ತೆಗೆದಿಡಬೇಕು. ಫೋನಿನಲ್ಲಿ ಲೊಕೇಶನ್ ಆನ್ ಇರಬೇಕು, ಹೊಲದ ಗುರುತು ಕಾಣಬೇಕು, ಮೂಲ ಫೋಟೋ ಅಳಿಸಬಾರದು. ಅಪ್ಪನಿಗೆ ಹೇಳಿಕೊಟ್ಟಿದ್ದೇನೆ. ಅವರೀಗ ದಿನಾ ಬೆಳಗ್ಗೆ ಐದೂಮುಕ್ಕಾಲಿಗೆ ಒಂದು ಫೋಟೋ ಕಳಿಸುತ್ತಾರೆ. ಮೊದಮೊದಲು ಅರ್ಧ ಹೆಬ್ಬೆರಳು, ಅರ್ಧ ಹೊಲ ಇರುತ್ತಿತ್ತು. ಈಗ ಕೈ ಕುದುರಿದೆ.

ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಲೇಬೇಕು ಅಂತ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಮತದಾರರ ಪಟ್ಟಿಯಲ್ಲಿ ನನ್ನ ಹೆಸರು ಇನ್ನೂ ಊರಲ್ಲೇ ಇದೆ. ಹಬ್ಬಕ್ಕೆ, ಮದುವೆಗೆ ರಜೆ ಹಾಕುವ ನಾನು ಈ ತನಕ ಒಂದು ಗ್ರಾಮಸಭೆಗೂ ರಜೆ ಹಾಕಿಲ್ಲ. ಮುಂದಿನದಕ್ಕೆ ಹಾಕುತ್ತಿದ್ದೇನೆ. ಅಪ್ಪ ಮಾತಾಡುತ್ತಾರಂತೆ, ನಾನು ಫೋಟೋ ತೋರಿಸಬೇಕಂತೆ.

ಮೊನ್ನೆ ಬೆಳಗ್ಗೆ ಅವರು ಕಳಿಸಿದ ಫೋಟೋದಲ್ಲಿ ಹೊಲದಂಚಿಗೆ ಒಂದೇ ಒಂದು ಹೆಬ್ಬಾತು, ಕತ್ತೆತ್ತಿ ಕ್ಯಾಮೆರಾ ಕಡೆಯೇ ನೋಡುತ್ತಿತ್ತು. ಕೆಳಗೆ ಧ್ವನಿ ಸಂದೇಶ.

"ಇದೊಂದು ಹಿಂದ ಉಳದಿತ್ತು ತಂಗಿ. ಓಡಸಲಿಲ್ಲ. ಪುರಾವೆ ಆಗ್ತೈತೇನ ನೋಡು. ಆಗ್ಲಿಲ್ಲಂದ್ರ ನಿನ್ನ ಇನ್‌ಸ್ಟಾಗ್ರಾಮಿಗೆ ಹಾಕು. ಹೊಲ ಯಾರದು ಅಂತ ಮಾತ್ರ ಬರಿ."

ಹಾಕಿದ್ದೇನೆ. ಈ ಸಲ "ನಮ್ಮೂರಿನ ಹೆಮ್ಮೆ" ಅಂತ ಬರೆಯಲಿಲ್ಲ. "ಅಪ್ಪನ ಕಡಲೆ ಹೊಲ, ಮಾಗಡಿ" ಅಂತ ಬರೆದೆ.